ನಟನ ಮೇಲೆ ಎಳೆದ ಗೆರೆ

ನಟರನ್ನು ಮೊದಲು ಕ್ಯಾಮೆರಾದಲ್ಲಿ ಸೆರೆಹಿಡಿದು, ಆ ದೃಶ್ಯದ ಮೇಲೆಯೇ ಗೆರೆ ಎಳೆದು ಬಣ್ಣ ತುಂಬುವ ಅನಿಮೇಷನ್ ವಿಧಾನಕ್ಕೆ ರೋಟೋಸ್ಕೋಪಿಂಗ್ ಎನ್ನುತ್ತಾರೆ. ಇದರ ಯಂತ್ರಕ್ಕೆ ಮ್ಯಾಕ್ಸ್ ಫ್ಲೈಷರ್ 1917ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು.

ಫಿಲಿಪ್ ಕೆ. ಡಿಕ್ ಅವರ 1977ರ ವಿಜ್ಞಾನ ಕಾದಂಬರಿ ‘ಎ ಸ್ಕ್ಯಾನರ್ ಡಾರ್ಕ್ಲಿ’ಯನ್ನು ನಿರ್ದೇಶಕ ರಿಚರ್ಡ್ ಲಿಂಕ್ಲೇಟರ್ ಈ ವಿಧಾನದಲ್ಲೇ ತೆರೆಗೆ ತರುತ್ತಾರೆಂಬ ಸುದ್ದಿ ಓದುಗರ ಕುತೂಹಲ ಕೆರಳಿಸಿತ್ತು. ಅದಕ್ಕೆ ಕಾರಣವಿತ್ತು. ಕಥೆಯ ಗುಪ್ತ ಪೊಲೀಸ್ ಅಧಿಕಾರಿ ತೊಡುವ ನಿಲುವಂಗಿಯ ಮೇಲೆ ಕ್ಷಣಕ್ಕೊಂದು ಮುಖ ಮೂಡಿ ಮರೆಯಾಗುತ್ತದೆ: ಅರ್ಧ ಗಡ್ಡ, ಅರ್ಧ ಹೆಣ್ಣಿನ ಕೆನ್ನೆ, ಮರುಕ್ಷಣ ಮುದುಕನ ಹಣೆ. ಬರಿಯ ಕ್ಯಾಮೆರಾಕ್ಕೆ ಒಗ್ಗದ ಈ ಕಲ್ಪನೆ ಗೆರೆಗೆ ಸಲೀಸಾಗಿ ಒಗ್ಗಿತು. ಮಾದಕ ವಸ್ತುವಿನಿಂದ ತನ್ನ ಗುರುತನ್ನೇ ಕಳೆದುಕೊಳ್ಳುವವನ ಕಥೆಗೆ ಇದಕ್ಕಿಂತ ಹೊಂದುವ ಶೈಲಿ ಸಿಗುವುದು ಕಷ್ಟ.

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ತೊಗಲುಗೊಂಬೆಯಾಟ ಬಲ್ಲವರಿಗೆ ಈ ನೋಟ ತೀರ ಹೊಸದೆನಿಸದು. ಅಲ್ಲಿಯೂ ಹದಮಾಡಿದ ಚರ್ಮದ ಮೇಲೆ ದಪ್ಪ ಗೆರೆ, ಒಳಗೆ ಚಪ್ಪಟೆ ಬಣ್ಣ, ಹಿಂದೆ ಬೆಳಕು. ಆದರೆ ಗೊಂಬೆಯ ಚಲನೆ ಆಡಿಸುವವರ ಕೈಯದು. ರೋಟೋಸ್ಕೋಪಿನಲ್ಲಿ ಅದು ನಟನದೇ.

ಕಿಯಾನು ರೀವ್ಸ್ ನಟಿಸಿದ ಲಿಂಕ್ಲೇಟರ್ ಚಿತ್ರದ ಶೂಟಿಂಗ್ ಕೆಲವೇ ವಾರಗಳಲ್ಲಿ ಮುಗಿಯಿತು. ಬಾಬ್ ಸ್ಯಾಬಿಸ್ಟನ್ ರೂಪಿಸಿದ ರೋಟೋಶಾಪ್ ತಂತ್ರಾಂಶ ಎರಡು ಗೆರೆಗಳ ನಡುವಿನ ಚಲನೆಯನ್ನು ತಾನೇ ತುಂಬುತ್ತಿದ್ದರೂ ಚಿತ್ರ ಬರೆಯುವ ಕೆಲಸ ಒಂದು ವರ್ಷಕ್ಕೂ ಹೆಚ್ಚು ಹಿಡಿಯಿತು. ಬಿಡುಗಡೆ ಮುಂದಕ್ಕೆ ಹೋಗಿ, ಚಿತ್ರ ಅಮೆರಿಕದ ಪ್ರೇಕ್ಷಕರ ಮುಂದೆ ಬಂದದ್ದು 2006ರ ಜುಲೈನಲ್ಲಿ.