ಶಕ್ತಿ ಪ್ರಾಜೆಕ್ಟ್: ಪೈವಳಿಕೆಯ ಸೌರ ಸ್ಥಾವರದ ಲೆಕ್ಕ ಎಲ್ಲಿ ಸಿಗುತ್ತದೆ?

ಪೈವಳಿಕೆ: ಶಕ್ತಿ ಸಂಪನ್ಮೂಲಗಳ ಬಗ್ಗೆ ಪ್ರಾಜೆಕ್ಟ್ ಮಾಡಲು ಹೇಳಿದರೆ ಮಕ್ಕಳು ಮೊಬೈಲಿನಲ್ಲಿ ರಾಜಸ್ಥಾನದ ಸೋಲಾರ್ ಚಿತ್ರ ಹುಡುಕುವುದು ವಾಡಿಕೆ. ಮಂಜೇಶ್ವರ ತಾಲೂಕಿನವರಿಗೆ ಅಷ್ಟು ದೂರ ಹೋಗಬೇಕಾಗಿಲ್ಲ. ಪೈವಳಿಕೆ, ಮೀಂಜ, ಚಿಪ್ಪಾರು ಗ್ರಾಮಗಳಲ್ಲಿ ಹರಡಿರುವ 50 ಮೆಗಾವ್ಯಾಟ್ ಸೌರ ವಿದ್ಯುತ್ ಸ್ಥಾವರವನ್ನು 2021ರ ಫೆಬ್ರವರಿ 19ರಂದು ಪ್ರಧಾನಿ ನರೇಂದ್ರ ಮೋದಿ ವೀಡಿಯೊ ಮೂಲಕ ಉದ್ಘಾಟಿಸಿದ್ದರು. ಆದರೆ ಅದರ ಬಗ್ಗೆ ಬರೆಯಲು ಕೂತಾಗ ಯಾವ ಅಂಕಿಅಂಶವನ್ನು ನಂಬಬೇಕು ಎಂಬುದೇ ತೊಡಕು.

ಹಳೆಯ ವರದಿಗಳಲ್ಲಿ ಕಾಸರಗೋಡು ಸೋಲಾರ್ ಪಾರ್ಕ್ 200 ಮೆಗಾವ್ಯಾಟಿನದ್ದು. ಅದು ಯೋಜನೆಯ ಲೆಕ್ಕ. 2017ರಲ್ಲಿ ಅಂಬಲತ್ತರದಲ್ಲಿ 50, ಅನಂತರ ಪೈವಳಿಕೆಯಲ್ಲಿ 50 ಮೆಗಾವ್ಯಾಟ್ ಕಾರ್ಯಾರಂಭ ಮಾಡಿತು. ಹಾಗಾಗಿ ವರದಿಯ ತಾರೀಕು ನೋಡದೆ ಸಂಖ್ಯೆ ಬರೆದುಕೊಳ್ಳಬಾರದು.

ಹೆಚ್ಚಿನವರು ಎಡವುವುದು ಮೆಗಾವ್ಯಾಟ್ ಮತ್ತು ಯೂನಿಟ್ ನಡುವೆ. ಮೆಗಾವ್ಯಾಟ್ ಎಂದರೆ ತೋಟದ ಪಂಪಿನ ಎಚ್‌ಪಿ ಇದ್ದ ಹಾಗೆ, ಅದು ಸಾಮರ್ಥ್ಯ. ಪಂಪು ಎಷ್ಟು ಹೊತ್ತು ಓಡಿತು ಎಂಬುದೂ ಸೇರಿದರೆ ಯೂನಿಟ್. 50 ಮೆಗಾವ್ಯಾಟಿನ ಸ್ಥಾವರ 24 ಗಂಟೆಯೂ ಪೂರ್ತಿಯಾಗಿ ದುಡಿದರೆ 12 ಲಕ್ಷ ಯೂನಿಟ್ ಆಗುತ್ತದೆ. ರಾತ್ರಿ ಬಿಸಿಲಿಲ್ಲ, ಆಟಿ ತಿಂಗಳ ಮಳೆಗೆ ಹಗಲೂ ಮೋಡ. ಸೌರ ಸ್ಥಾವರಗಳಲ್ಲಿ ವರ್ಷದ ಸರಾಸರಿಗೆ ಸಿಗುವುದು ಸಾಮರ್ಥ್ಯದ ಐದನೇ ಒಂದು ಭಾಗದ ಆಸುಪಾಸು, ಅಂದರೆ ದಿನಕ್ಕೆ 2.4 ಲಕ್ಷ ಯೂನಿಟಿನಷ್ಟು. 12 ಲಕ್ಷ ಎಂದು ಬರೆದರೆ ಇಡೀ ಪ್ರಾಜೆಕ್ಟೇ ಸುಳ್ಳಾಗುತ್ತದೆ.

ಉದ್ಘಾಟನೆ ವೇಳೆಯ ಕೇಂದ್ರ ಸರಕಾರದ ಪ್ರಕಟಣೆಯಲ್ಲಿ 250 ಎಕರೆ ಜಾಗ, ಸುಮಾರು 280 ಕೋಟಿ ರೂ. ಬಂಡವಾಳ ಎಂದಿದೆ. ಇದು ಅಧಿಕೃತವೇ. ಆದರೆ ಉದ್ಘಾಟನೆಯ ದಿನದ ಕಾಗದದಲ್ಲಿ ಅನಂತರದ ವರ್ಷಗಳ ಉತ್ಪಾದನೆ ಇರುವುದಿಲ್ಲವಷ್ಟೆ. ರಾಜ್ಯದ ಒಟ್ಟು ಲೆಕ್ಕಕ್ಕೆ ಯೋಜನಾ ಮಂಡಳಿಯ ವಾರ್ಷಿಕ ಆರ್ಥಿಕ ಸಮೀಕ್ಷೆ ಒಳ್ಳೆಯದು. ಸ್ಥಾವರದ್ದೇ ಲೆಕ್ಕ ಬೇಕಿದ್ದರೆ ಅದನ್ನು ನಿರ್ಮಿಸಿದ ಟಿಎಚ್‌ಡಿಸಿ ಕೇಂದ್ರ ಸಾರ್ವಜನಿಕ ಸಂಸ್ಥೆ. ಮಾಹಿತಿ ಹಕ್ಕು ಕಾಯ್ದೆಯಡಿ 10 ರೂ. ಶುಲ್ಕ ಕಟ್ಟಿ ಅಧ್ಯಾಪಕರು ಇಲ್ಲವೇ ಪೋಷಕರು ಅರ್ಜಿ ಹಾಕಬಹುದು. ಉತ್ತರಕ್ಕೆ 30 ದಿನಗಳ ಗಡುವಿದೆ. ಪ್ರಾಜೆಕ್ಟ್ ಒಪ್ಪಿಸುವ ಮುನ್ನಾದಿನ ಓಡಾಡಿದರೆ ಪ್ರಯೋಜನವಿಲ್ಲ.

ಮಲಯಾಳದ 'ಊರ್ಜಂ' ಕನ್ನಡ ವಿಜ್ಞಾನದಲ್ಲಿ 'ಶಕ್ತಿ' ಎಂಬುದನ್ನೂ ಗಮನಿಸಬೇಕು. ಎರಡೂ ಭಾಷೆಯ ವರದಿ ಓದುವ ನಮ್ಮ ಗಡಿನಾಡಿನ ಮಕ್ಕಳಿಗೆ ಇದರಿಂದ ತಾಳೆ ನೋಡುವುದು ಸುಲಭ.

ಮನೆಗೆ ಎರಡು ತಿಂಗಳಿಗೊಮ್ಮೆ ಬರುವ ಕೆಎಸ್‌ಇಬಿ ಬಿಲ್ಲೂ ಒಂದು ದಾಖಲೆ. ಹತ್ತು ಮನೆಗಳ ಬಿಲ್ ಸೇರಿಸಿದರೆ ಊರಿನ ಬಳಕೆಯ ಅಂದಾಜು ಸಿಗುತ್ತದೆ. ಸ್ಥಾವರದ ಜಾಗದ ವಿವರವನ್ನು ವಿಲ್ಲೇಜ್ ಆಫೀಸಿನಲ್ಲಿ ಕೇಳಬಹುದು. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗೆ ಕನ್ನಡದಲ್ಲೇ ಬರೆದು ಕನ್ನಡದಲ್ಲೇ ಉತ್ತರ ಪಡೆಯಲು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿ ಅವಕಾಶವಿದೆ.