ನಾಯಕ ಎದ್ದುಹೋದ ಮೇಲೂ ನಡೆಯುವ ಕೆಲಸ

ಬೀದರ್ ಗಡಿ ದಾಟಿದರೆ ತೆಲಂಗಾಣದ ಜಹೀರಾಬಾದ್. ನಾರಾಯಣಖೇಡ, ತಾಂಡೂರಿನಂತೆ ಇದೂ ಕನ್ನಡ, ತೆಲುಗು, ಉರ್ದು ಬೆರೆತ ಜೋಳ–ತೊಗರಿಯ ಸೀಮೆ. ಇಲ್ಲಿನ ಮಾಚನೂರು ಎಂಬ ಹಳ್ಳಿಯಲ್ಲಿ 2008ರ ಅಕ್ಟೋಬರ್ 15ರಂದು ‘ಸಂಗಂ ರೇಡಿಯೊ’ ಶುರುವಾಯಿತು. ಮೈಕಿನ ಮುಂದೆ ಕೂತವರು ಜನರಲ್ ನರಸಮ್ಮ ಮತ್ತು ಆಲ್ಗೋಲ್ ನರಸಮ್ಮ, ಇಬ್ಬರೂ ದಲಿತ ಮಹಿಳೆಯರ ಸಂಘಗಳಿಂದ ಬೆಳೆದು ಬಂದವರು. ಮೇಲಿನವರ ನಡೆ ಕೆಲಸದ ವಾತಾವರಣವನ್ನು ಹೇಗೆ ಬದಲಿಸುತ್ತದೆ ಎಂಬುದಕ್ಕೆ ನಮ್ಮ ನೆರೆಯಲ್ಲೇ ಇರುವ ಪಾಠವಿದು.

ಈ ಸಂಘಗಳನ್ನು ಕಟ್ಟಿದ್ದು 1983ರಲ್ಲಿ ಆರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ. ಸ್ಥಾಪಕರಲ್ಲಿ ಒಬ್ಬರಾದ ಪಿ.ವಿ. ಸತೀಶ್ ಮೈಸೂರಿನವರು, ದೂರದರ್ಶನದಲ್ಲಿ ನಿರ್ಮಾಪಕರಾಗಿ ಪಳಗಿದವರು. ರೈತ ಮಹಿಳೆಯರ ಬದುಕನ್ನು ತಾವೇ ಚಿತ್ರೀಕರಿಸುವುದು ಅವರಿಗೆ ಸುಲಭವಿತ್ತು. ಆದರೆ ಓದು–ಬರಹ ಬಾರದ ಹೆಂಗಸರ ಕೈಗೇ ಕ್ಯಾಮೆರಾ ಬಂತು. ಅವರು ತಮ್ಮದೇ ವ್ಯಾಕರಣ ಕಟ್ಟಿಕೊಂಡರು. ಮೇಲಿನಿಂದ ಕೆಳಗೆ ನೋಡುವುದು ಪಟೇಲನ ಶಾಟ್, ಕೆಳಗಿನಿಂದ ತಲೆಯೆತ್ತಿ ನೋಡುವುದು ಆಳಿನ ಶಾಟ್, ಕಣ್ಣಿಗೆ ಕಣ್ಣು ಸಮವಾಗಿ ಹಿಡಿಯುವುದು ಸಂಗಂ, ಅಂದರೆ ಸಂಘದ, ಶಾಟ್. ನಾಯಕತ್ವದ ಬಗೆಗಳನ್ನು ಇಷ್ಟು ನಿಚ್ಚಳವಾಗಿ ಹೇಳಿದ ಆಡಳಿತ ಪುಸ್ತಕ ನನಗೆ ಗೊತ್ತಿಲ್ಲ.

1930ರ ದಶಕದ ಕೊನೆಯಲ್ಲಿ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಮತ್ತು ಸಂಗಡಿಗರು ಅಮೆರಿಕದ ಅಯೋವಾದಲ್ಲಿ ಹುಡುಗರ ಗುಂಪುಗಳ ಮೇಲೆ ನಾಯಕತ್ವದ ಬಗೆಗಳ ಕುರಿತೇ ಪ್ರಯೋಗ ನಡೆಸಿದ್ದರು. ಎಲ್ಲವನ್ನೂ ಆಜ್ಞಾಪಿಸುವ ನಾಯಕ ಕೋಣೆಯಿಂದ ಹೊರಗೆ ಹೋದೊಡನೆ ಕೆಲಸ ಕುಸಿಯುತ್ತಿತ್ತು. ಚರ್ಚಿಸಿ ನಿರ್ಧರಿಸುವ ಗುಂಪು ಮಾತ್ರ ತನ್ನ ಪಾಡಿಗೆ ಕೆಲಸ ಮುಂದುವರಿಸುತ್ತಿತ್ತು. ಎಲ್ಲವನ್ನೂ ಬಿಟ್ಟುಕೊಟ್ಟು ಸುಮ್ಮನಿದ್ದ ನಾಯಕನ ಗುಂಪಿನಲ್ಲಿ ಕೆಲಸವೇ ಕಡಿಮೆಯಾಯಿತು.

ಈ ಕೊನೆಯ ಮಾತು ಮುಖ್ಯ. ಅಧಿಕಾರ ಹಂಚುವುದೆಂದರೆ ಕೈಕಟ್ಟಿ ಕೂರುವುದಲ್ಲ. 1990ರ ದಶಕದಲ್ಲಿ ಜಹೀರಾಬಾದಿನ ಸಂಘಗಳು ಬೀಳುಭೂಮಿಯಲ್ಲಿ ಜೋಳ ಬೆಳೆಸಿ ತಮ್ಮದೇ ಪಡಿತರ ವ್ಯವಸ್ಥೆ ನಡೆಸಿದವು. ಯಾರು ಹೆಚ್ಚು ಬಡವರು, ಯಾರಿಗೆ ಜೋಳ ಸಲ್ಲಬೇಕು ಎಂಬುದು ಊರವರೆದುರೇ ತೀರ್ಮಾನವಾಗುತ್ತಿತ್ತು. ತರಬೇತಿ, ಸಾಧನ, ಹಣದ ಬೆಂಬಲ ಸಂಸ್ಥೆಯದು, ನಿರ್ಧಾರ ಊರಿನದು. ತಾವೇ ಮಾಡಿದ ನಿಯಮವನ್ನು ಜನ ತಾವೇ ಕಾಯುತ್ತಾರೆ, ಮೇಲ್ವಿಚಾರಕ ಬೆನ್ನ ಹಿಂದೆ ನಿಲ್ಲಬೇಕಾಗಿಲ್ಲ.

ಹಾಗೆಂದು ಕಾರ್ಖಾನೆಯಲ್ಲಿ ಬೆಂಕಿ ಹತ್ತಿದಾಗ ಸಭೆ ಕರೆಯಲಾಗದು. ಆಗ ಒಬ್ಬರ ಆಜ್ಞೆಯೇ ಬೇಕು. ಆದರೆ ದಿನವೂ ಬೆಂಕಿ ಹತ್ತಿದಂತೆ ಕೂಗಾಡುವ ಕಚೇರಿಯಲ್ಲಿ ಜನ ಮೊದಲು ಮಾಡುವುದು ತಪ್ಪುಗಳನ್ನು ಬಚ್ಚಿಡುವುದು. ಬಚ್ಚಿಟ್ಟ ತಪ್ಪು ಸರಿಯಾಗುವುದಿಲ್ಲ, ಬೆಳೆಯುತ್ತದೆ.

ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಗೆ 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು. ಸತೀಶ್ 2023ರ ಮಾರ್ಚ್‌ನಲ್ಲಿ ತೀರಿಕೊಂಡರು. ಬಿತ್ತನೆ ಬೀಜ, ಕ್ಯಾಮೆರಾ, ಮೈಕು ಅದಕ್ಕೂ ಬಹಳ ಮೊದಲೇ ಹೆಂಗಸರ ಕೈ ಸೇರಿದ್ದವು.

ಹೊಸದಾಗಿ ಮೇಲಧಿಕಾರಿಯಾದವರು ಪಾಳಿ ಹಂಚುವುದನ್ನೋ, ಸಾಮಾನು ಖರೀದಿಯನ್ನೋ, ನಿಜವಾದ ಒಂದು ಅಧಿಕಾರವನ್ನು ಕೆಲಸಗಾರರಿಗೆ ಒಪ್ಪಿಸಲಿ. ಅದನ್ನು ಕಲಿಸಲಿ, ಎಡವಿದಾಗ ಜೊತೆಗೆ ನಿಲ್ಲಲಿ. ಆಮೇಲೆ ಒಂದು ವಾರ ರಜೆ ಹಾಕಿ ನೋಡಲಿ. ತಾವು ಎಂಥ ನಾಯಕರೆಂಬುದನ್ನು ಆ ವಾರದ ಕೆಲಸವೇ ಹೇಳುತ್ತದೆ.