ಹಸುಗೂಸಿಗೆ ಪಾರ್ಕಿನ ಪ್ರವಾಸ ಬೇಕೇ?

ಬೇಸಿಗೆ ರಜೆ ಬಂತೆಂದರೆ ಮಕ್ಕಳಿಗೆ ಬಿಡದಿಯ ವಂಡರ್‌ಲಾದಂತಹ ಮನರಂಜನಾ ಪಾರ್ಕುಗಳಿಗೆ ಹೋಗುವ ಹಂಬಲ. ಮನೆಯಲ್ಲಿ ಎರಡು ತಿಂಗಳ ಕೂಸಿದ್ದರೆ ಅದನ್ನೂ ಕರೆದೊಯ್ಯಬಹುದೇ ಎಂದು ಅನೇಕ ತಾಯಂದಿರು ಕೇಳುತ್ತಾರೆ.

6, 10 ಮತ್ತು 14ನೇ ವಾರದ ಲಸಿಕೆಗಳು ಮುಗಿಯುವವರೆಗೆ ಬೇಡ ಎಂಬುದೇ ನನ್ನ ಸಲಹೆ. ಎಳೆಗೂಸಿನಲ್ಲಿ ರೋಗನಿರೋಧಕ ಶಕ್ತಿ ಇನ್ನೂ ಬಲಿತಿರುವುದಿಲ್ಲ. ಜನಜಂಗುಳಿಯಲ್ಲಿ ದೊಡ್ಡವರಿಗೆ ಬರೀ ನೆಗಡಿ ತರುವ ವೈರಸ್, ಕೂಸಿಗೆ ಉಸಿರಾಟದ ತೊಂದರೆಯನ್ನೇ ತರಬಹುದು. ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು ಜ್ವರ ಬಂದರೆ ಮನೆಮದ್ದು ಮಾಡುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಇನ್ನು ಬಿಸಿಲಿನ ವಿಚಾರ. ಮೈತೂಕಕ್ಕೆ ಹೋಲಿಸಿದರೆ ಕೂಸಿನ ಚರ್ಮದ ವಿಸ್ತಾರ ಹೆಚ್ಚು, ಬೆವರುವ ಶಕ್ತಿ ಕಡಿಮೆ. ಹಾಗಾಗಿ ಮೈ ಬೇಗ ಕಾಯುತ್ತದೆ. ನೆರಳಿಗೆಂದು ಮಗುವಿನ ಗಾಡಿಯ ಮೇಲೆ ಬಟ್ಟೆ ಹೊದಿಸಿದರೆ ಗಾಳಿಯಾಡದೆ ಒಳಗೆ ಸೆಕೆ ಇನ್ನಷ್ಟು ಏರುತ್ತದೆ. ಬಾಯಾರಿಕೆಯೆಂದು ನೀರು, ಗ್ಲೂಕೋಸ್ ಕುಡಿಸಬೇಡಿ. 6 ತಿಂಗಳವರೆಗೆ ಎದೆಹಾಲೇ ಸಾಕು. ಸೆಕೆಯಲ್ಲಿ ಹೆಚ್ಚು ಸಲ ಕೊಡಿ. ಮಗು ಮಂಕಾದರೆ, ಹಾಲು ಬಿಟ್ಟರೆ, ಆರೇಳು ಗಂಟೆ ಮೂತ್ರ ಮಾಡದಿದ್ದರೆ ಕೂಡಲೇ ವೈದ್ಯರಿಗೆ ತೋರಿಸಿ.

ಲಸಿಕೆಗಳು ಮುಗಿದ ಮೇಲೆ ಹೋದರೂ ಹತ್ತಿಯ ಸಡಿಲ ಬಟ್ಟೆ ತೊಡಿಸಿ, ನೆರಳಿನಲ್ಲೇ ಇರಿಸಿ. ಪಾರ್ಕಿನ ನೀರಿಗೆ ಇಳಿಸಬೇಡಿ. ಕೂಸಿನ ಮೈ ಕಾಯುವಷ್ಟೇ ಬೇಗ ತಣ್ಣಗಾಗುತ್ತದೆ.

ಈ ಸಲ ದೊಡ್ಡ ಮಕ್ಕಳನ್ನು ಅಪ್ಪನೋ ಸೋದರಮಾವನೋ ಕರೆದೊಯ್ಯಲಿ. ಕೂಸು, ಬಾಣಂತಿ ಇಬ್ಬರಿಗೂ ಮನೆಯ ತಂಪು, ನೆಮ್ಮದಿಯ ನಿದ್ದೆಯೇ ರಜೆ.